ಗಾಲಿ ಓಡುತ್ತಿರುವಾಗಲೇ



ಹೋದ ಶ್ರಾವಣದಲ್ಲಿ ಸೊರಬದ ಕಡೆಯ ಒಂದು ಹಳ್ಳಿಯಲ್ಲಿ ನಾನು ಸೈಕಲ್ ಓಟಕ್ಕೆ ಹೆಸರು ಕೊಟ್ಟೆ. ನನಗೀಗ ಐವತ್ತೆರಡು. ಶಿಕಾರಿಪುರದಲ್ಲಿ ದಿನಾ ಬೆಳಿಗ್ಗೆ ಹುಚ್ಚರಾಯನ ಕೆರೆಯ ಕಡೆ ಸೈಕಲ್ ಮೇಲೆ ಒಂದು ಸುತ್ತು ಹೋಗಿ ಬರುವ ರೂಢಿಯಿದೆಯೇ ಹೊರತು ಪಂದ್ಯ ಅಂತ ಎಂದೂ ಇಳಿದವನಲ್ಲ. ಆ ಹಳ್ಳಿ ನನ್ನ ಸೋದರತ್ತೆಯ ಊರು. ಅಲ್ಲಿನ ಹುಡುಗರು ಪ್ರತಿ ಮಳೆಗಾಲ ಕೆಸರುಗದ್ದೆ ಓಟ, ಹಗ್ಗಜಗ್ಗಾಟ ಇಡುತ್ತಾರೆ. ಈ ಸಲ ಸೈಕಲ್ಲನ್ನೂ ಗದ್ದೆಗಿಳಿಸೋಣ ಅಂತ ಅವರಿಗೆ ಹೊಳೆದಿತ್ತು. "ಮಾವ, ನೀವೂ ಬನ್ನಿ" ಅಂದರು. ಹೋದೆ.

ಶಾಲೆಯ ಬಯಲಿನಿಂದ ಹೊರಟು ಕೆರೆ ಏರಿ ಹತ್ತಬೇಕು. ಏರಿಯ ಮೇಲೆ ಒಂದಿಷ್ಟು ದೂರ ತುಳಿದು, ತೂಬಿನ ಪಕ್ಕ ಕೆಳಗಿಳಿದರೆ ಉತ್ತು ನೀರು ಕಟ್ಟಿದ ಗದ್ದೆ. ಅದನ್ನು ದಾಟಿದರೆ ತೋಟದ ಅಗಳ, ಅಗಳದ ಮೇಲೆ ಅಡಿಕೆ ಮರ ಜೋಡಿಸಿದ ಸಂಕ. ಆಮೇಲೆ ಮೊಣಕಾಲೆತ್ತರಕ್ಕೆ ಬಿದಿರು ತೂರಿಸಿದ ಎರಡು ದಣಪೆ. ಕೊನೆಗೊಂದು ಗೊಚ್ಚುಮಣ್ಣಿನ ದಿಬ್ಬ, ದಿಬ್ಬದ ನೆತ್ತಿಯಲ್ಲಿ ಶಾಲೆ. ಹೀಗೆ ಮೂರು ಸುತ್ತು.

ಹಿಂದಿನ ದಿನ ಶಿರಾಳಕೊಪ್ಪದಲ್ಲಿ ಸೈಕಲ್ ಅಂಗಡಿಯವರ ಹತ್ತಿರ ಗಾಳಿ ಹಾಕಿಸಲು ನಿಂತೆ. ವಿಷಯ ಕೇಳಿದವರು ಪಂಪನ್ನು ಪಕ್ಕಕ್ಕಿಟ್ಟರು. "ಗಾಳಿ ಹಾಕೋದಲ್ಲ ಸಾರ್, ಇಳಿಸ್ಬೇಕು. ಮಡ್‌ಗಾರ್ಡೂ ಬಿಚ್ಚಿಬಿಡಿ." ಗಾಳಿ ಕಡಿಮೆಯಿದ್ದರೆ ಟೈರು ಅಗಲಕ್ಕೆ ಕೂತು ನೆಲ ಹಿಡಿಯುತ್ತದೆ. ಮಡ್‌ಗಾರ್ಡ್ ಇದ್ದರೆ ಅದರ ಸಂದಿಯಲ್ಲಿ ಜೇಡಿ ಗಿಡಿದು ಗಾಲಿಯೇ ತಿರುಗುವುದಿಲ್ಲ. ಈ ಎರಡು ಮಾತನ್ನು ಯುರೋಪಿನ ದೊಡ್ಡ ಸವಾರರೂ ಪಾಲಿಸುತ್ತಾರೆ ಅನ್ನುವುದು ನನಗೆ ಆಮೇಲೆ ಓದಿ ಗೊತ್ತಾಯಿತು.

ನಾವು ಆಡಿದ ಆಟಕ್ಕೆ ಹೊರಗಿನ ಲೋಕದಲ್ಲಿ ಸೈಕ್ಲೋಕ್ರಾಸ್ ಅನ್ನುತ್ತಾರೆ. ಚಳಿಗಾಲದಲ್ಲಿ ರಸ್ತೆ ಪಂದ್ಯಗಳಿಲ್ಲದಾಗ ಫ್ರಾನ್ಸಿನ ಸವಾರರು ಮೈ ಕಸುವು ಉಳಿಸಿಕೊಳ್ಳಲು ಹೊಲ, ಬೇಲಿ, ತೋಪು ಹಾಯ್ದು ಊರಿಂದೂರಿಗೆ ಓಡಿಸುತ್ತಿದ್ದರಂತೆ. ತುಳಿಯಲಾಗದ ಕಡೆ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ ಓಡುವುದು. 1902ರಲ್ಲಿ ದಾನಿಯೆಲ್ ಗುಸೊ ಎಂಬ ಸೈನಿಕ ಅಲ್ಲಿ ಮೊದಲ ರಾಷ್ಟ್ರೀಯ ಪಂದ್ಯ ಏರ್ಪಡಿಸಿದ. 1910ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಆಕ್ತಾವ್ ಲಪೀಜ್ ತನ್ನ ಗೆಲುವಿಗೆ ಈ ಕೆಸರಿನ ಅಭ್ಯಾಸವೇ ಕಾರಣ ಎಂದ ಮೇಲೆ ಆಟಕ್ಕೆ ಹೆಸರು ಬಂತು. ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1950ರಲ್ಲಿ, ಪ್ಯಾರಿಸ್‌ನಲ್ಲಿ. ಅವರ ಹಾದಿಯಲ್ಲೂ 40 ಸೆಂಟಿಮೀಟರ್ ಮೀರದ ಹಲಗೆಗಳನ್ನು ಅಡ್ಡ ನಿಲ್ಲಿಸಿರುತ್ತಾರೆ, ನಮ್ಮ ದಣಪೆಯ ಹಾಗೆ.

ಸೀಟಿ ಊದಿದರು. ಏರಿಯ ಮೇಲೆ ನಾನು ಮೂರನೆಯವನಾಗಿದ್ದೆ. ಗದ್ದೆ ಕಂಡದ್ದೇ ಇನ್ನಷ್ಟು ಬಲವಾಗಿ ತುಳಿದೆ. ಹೇಗಾದರೂ ಸರಿ, ಇಳಿಯದೆ ದಾಟಬೇಕು ಅನ್ನುವ ಹಟ. ನಾಲ್ಕು ಮಾರು ಹೋಗುವಷ್ಟರಲ್ಲಿ ಮುಂದಿನ ಗಾಲಿ ಅಚ್ಚಿನವರೆಗೆ ಹೂತು ಸೈಕಲ್ ನಿಂತೇ ಹೋಯಿತು. ಕಾಲೂರಿದೆ, ಕಾಲೂ ಹೂತಿತು. ಆ ಕೆಸರಿನಿಂದ ಗಾಲಿ ಕಿತ್ತು ಹೊರಗೆ ಬರುವಷ್ಟರಲ್ಲಿ ಏಳೆಂಟು ಮಂದಿ ನನ್ನನ್ನು ದಾಟಿದ್ದರು.

ಎರಡನೇ ಸುತ್ತಿನಲ್ಲಿ ಹುಡುಗರನ್ನು ಗಮನವಿಟ್ಟು ನೋಡಿದೆ. ಅವರು ಗದ್ದೆಯೊಳಗೆ ಇಳಿಯುತ್ತಿರಲಿಲ್ಲ. ಗದ್ದೆ ಇನ್ನೂ ಹತ್ತು ಹೆಜ್ಜೆ ಇರುವಾಗಲೇ, ಗಾಲಿ ರಭಸದಲ್ಲಿ ಓಡುತ್ತಿರುವಾಗಲೇ, ಬಲಗಾಲನ್ನು ಹಿಂದಿನಿಂದ ತಿರುಗಿಸಿ ನೆಲಕ್ಕೆ ಹಾರುತ್ತಿದ್ದರು. ನಿಂತ ಗಾಲಿಯಿಂದ ಇಳಿದವನು ತಾನೂ ನಿಲ್ಲುತ್ತಾನೆ. ಓಡುವ ಗಾಲಿಯಿಂದ ಇಳಿದವನ ಕಾಲಿಗೆ ಆ ಓಟ ಹಾಗೇ ಬಂದು ಸೇರುತ್ತದೆ. ಸೈಕಲ್ ಹೆಗಲಿಗೇರುವಾಗಲೂ ಅವರ ಹೆಜ್ಜೆ ತಪ್ಪುತ್ತಿರಲಿಲ್ಲ.

ಇದು ನನಗೆ ಯಾಕೆ ತಿಳಿದಿರಲಿಲ್ಲ? ಚಿಕ್ಕಂದಿನಲ್ಲಿ ದಿಬ್ಬ ಹತ್ತುವಾಗ ಯಾರು ಮೊದಲು ಇಳಿದು ತಳ್ಳುತ್ತಾರೋ ಅವರು ಸೋತಂತೆ. ಆ ಲೆಕ್ಕವನ್ನೇ ಇಟ್ಟುಕೊಂಡು ದೊಡ್ಡವನಾದೆ.

ಅಗಳದ ಹತ್ತಿರ ನನಗೆ ಅಪ್ಪನ ನೆನಪಾಯಿತು. ಅರವತ್ತು ತುಂಬಿದ ವರ್ಷ, ತೋಳಲ್ಲಿ ಇನ್ನೂ ಕಸುವಿದ್ದಾಗಲೇ, ಅವರು ನೇಗಿಲನ್ನು ಅಣ್ಣನ ಕೈಗೆ ಕೊಟ್ಟರು. ಮುಂದಿನ ಎರಡು ಮಳೆಗಾಲ ಅಣ್ಣ ಉಳುವಾಗ ಬದುವಿನ ಮೇಲೆ ಜತೆಜತೆಗೇ ನಡೆದರು. ಎತ್ತಿನ ಹೆಜ್ಜೆ ತಪ್ಪಿದರೆ ಹೇಳುತ್ತಿದ್ದರು, ನೀರು ಎಲ್ಲಿ ಒಡೆಯಬೇಕು ತೋರಿಸುತ್ತಿದ್ದರು. ನನಗೆ ಆಗ ಸಿಟ್ಟು ಬಂದಿತ್ತು. ಇಷ್ಟು ಬೇಗ ಯಾಕೆ ಕೈಬಿಟ್ಟರು, ಅಪ್ಪ ಸೋತುಬಿಟ್ಟರಲ್ಲ ಅಂತ. ಬೇರೆ ಮನೆಗಳಲ್ಲಿ ಯಜಮಾನರು ಹಾಸಿಗೆ ಹಿಡಿದ ಮೇಲೆ ಮಕ್ಕಳು ಬೇಸಾಯಕ್ಕಿಳಿದು, ಯಾವ ಗದ್ದೆಗೆ ಯಾವ ಬಿತ್ತ ಅಂತ ಕೇಳಲು ಯಾರೂ ಇಲ್ಲದೆ ಪೇಚಾಡಿದ್ದನ್ನು ಆಮೇಲೆ ಕಂಡೆ. ನಮ್ಮ ಮನೆಯ ಗದ್ದೆ ಒಂದು ವರ್ಷವೂ ಬೀಳು ಬೀಳಲಿಲ್ಲ. ಅಪ್ಪ ಈಗಿಲ್ಲ. ನೀವು ಸೋತಿರಲಿಲ್ಲ ಅಂತ ಅವರಿಗೆ ಹೇಳಬೇಕಿತ್ತು.

ಇನ್ನು ಹೊರುವ ವಿಚಾರ. ಯುರೋಪಿನವರ ಪಂದ್ಯದ ಸೈಕಲ್ ಸುಮಾರು ಎಂಟು ಕೆ.ಜಿ. ತೂಗುತ್ತದೆ. ನಮ್ಮ ಹಳೇ ಉಕ್ಕಿನ ಸೈಕಲ್ ಇಪ್ಪತ್ತರ ಹತ್ತಿರ. ಬಾರಿನ ಕೆಳಗೆ ಹೆಗಲು ಕೊಟ್ಟು ಎದ್ದರೆ ಕತ್ತಿನ ಪಕ್ಕದ ಎಲುಬಿಗೆ ಒತ್ತುತ್ತದೆ, ಪೆಡಲು ಬೆನ್ನಿಗೆ ಬಡಿಯುತ್ತದೆ. ಮಲೆನಾಡಿನ ಅಂಚಿನ ಈ ಸೀಮೆಯಲ್ಲಿ ಇದು ಹೊಸದೂ ಅಲ್ಲ. ನಾನು ಹುಡುಗನಾಗಿದ್ದಾಗ ಮಳೆಗಾಲದಲ್ಲಿ ನಮ್ಮೂರಿಗೆ ಬರುತ್ತಿದ್ದ ಅಂಚೆಯವರು ಹಳ್ಳದ ಸಂಕದ ಬುಡದಲ್ಲಿ ಇಳಿದು, ಕಾಗದದ ಚೀಲವನ್ನು ಎದೆಗೆ ಕಟ್ಟಿಕೊಂಡು, ಸೈಕಲ್ಲನ್ನು ಹೊತ್ತು ದಾಟುತ್ತಿದ್ದರು. ಆಚೆ ದಡದಲ್ಲಿ ಮತ್ತೆ ಹತ್ತುತ್ತಿದ್ದರು. ಅದನ್ನು ಯಾರೂ ಕಷ್ಟ ಅಂತ ಎಣಿಸಿದ್ದು ಕಾಣೆ, ದಾರಿ ಇದ್ದದ್ದೇ ಹಾಗೆ.

ಮೂರನೇ ಸುತ್ತಿನಲ್ಲಿ ನನ್ನ ಮುಂದೆ ಒಬ್ಬಳು ಹುಡುಗಿ ಇದ್ದಳು, ಒಂಬತ್ತನೇ ತರಗತಿ. ಅವಳದು ಬಾರಿಲ್ಲದ ಸೈಕಲ್. ಅವಳ ಅಕ್ಕನಿಗೆ ಶಾಲೆಯಲ್ಲಿ ಸಿಕ್ಕಿದ್ದಂತೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ, ಹೈಸ್ಕೂಲು ದೂರ ಅಂತ ಓದು ಬಿಡಬೇಕಿದ್ದ ಎಷ್ಟೋ ಹೆಣ್ಣುಮಕ್ಕಳು ಈ ರಸ್ತೆಗಳಲ್ಲಿ ಸಾಲುಸಾಲಾಗಿ ಹೋಗುವುದನ್ನು ನಾನು ಕಣ್ತುಂಬ ನೋಡಿದ್ದೇನೆ. ಬಾರಿಲ್ಲದ ಸೈಕಲ್ಲಿಗೆ ಹೆಗಲು ಕೊಡಲು ಬರುವುದಿಲ್ಲ. ಅವಳು ಎಡಗೈಯಲ್ಲಿ ಹ್ಯಾಂಡಲ್ ಹಿಡಿದು, ಬಲಗೈಯನ್ನು ಸೀಟಿನ ಕೆಳಗಿನ ಕೊಳವೆಗೆ ಹಾಕಿ, ಇಡೀ ಸೈಕಲ್ಲನ್ನು ಸೊಂಟಕ್ಕೆ ಆನಿಸಿ ಎತ್ತಿಕೊಂಡಳು, ತುಂಬಿದ ಕೊಡ ಎತ್ತುವ ಹಾಗೆ. ಎರಡು ದಣಪೆಯನ್ನೂ ಹಾಗೇ ದಾಟಿದಳು. ನಾನು ಅವಳ ಹಿಂದೆಯೇ ದಿಬ್ಬ ಹತ್ತಿದೆ. ಹದಿನೆಂಟು ಮಂದಿಯಲ್ಲಿ ಅವಳು ಹತ್ತನೆಯವಳು, ನಾನು ಹನ್ನೊಂದನೆಯವನು.

ಆಮೇಲೆ ಎಲ್ಲರೂ ಕೆರೆ ಕೋಡಿಯ ನೀರಿನಲ್ಲಿ ಸೈಕಲ್ ತೊಳೆದೆವು. ಅತ್ತೆ ಬಿಸಿ ಕಷಾಯ ತಂದುಕೊಟ್ಟರು. ಚೈನಿನೊಳಗಿನ ಕೆಸರನ್ನು ಕಡ್ಡಿಯಿಂದ ಕೆದಕುತ್ತ ಕೂತಿದ್ದಾಗ ಮತ್ತೆ ಹನಿ ಶುರುವಾಯಿತು. ಆ ಹುಡುಗಿಯ ಮನೆ ಹಳ್ಳದಾಚೆ. ಸಂಕಕ್ಕೆ ಹತ್ತು ಹೆಜ್ಜೆ ಇರುವಾಗಲೇ ಸರಕ್ಕನೆ ಇಳಿದು, ಸೈಕಲ್ಲನ್ನು ಸೊಂಟಕ್ಕೇರಿಸಿ, ಓಡುತ್ತಲೇ ದಾಟಿ, ಆಚೆ ದಡದಲ್ಲಿ ಹತ್ತಿಕೊಂಡು ಹೊರಟಳು.