ತುಂಬಿಕೊಳ್ಳುವುದು ಬೇರೆ, ಹರಿಯಬಿಡುವುದು ಬೇರೆ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಎಣ್ಣೆ ಬಾವಿಗಳಲ್ಲಿ ನಾನು ಮಾಡುವ ಕೆಲಸವನ್ನು ಮಕ್ಕಳಿಗೆ ತಿಳಿಸಬೇಕೆಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ಚಿಕ್ಕದಾಗಿ ಹೇಳುತ್ತೇನೆ.

ನೆಲದಡಿಯಲ್ಲಿ ಎಣ್ಣೆಯ ಕೆರೆಯೇನೂ ಇಲ್ಲ. ಎಣ್ಣೆ ಇರುವುದು ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ. ರಂಧ್ರಗಳಿದ್ದರೆ ಸಾಲದು, ಒಂದರಿಂದ ಇನ್ನೊಂದಕ್ಕೆ ದಾರಿಯೂ ಇರಬೇಕು. ನಮ್ಮ ಎರೆಮಣ್ಣನ್ನೇ ನೋಡಿ. ಬೇಕಾದಷ್ಟು ನೀರು ಕುಡಿಯುತ್ತದೆ, ಆದರೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮರಳು ಕೂಡಲೇ ಬಿಡುತ್ತದೆ. ಹೀಗೆ ಹರಿಯಬಿಡುವ ಗುಣಕ್ಕೆ ಪರ್ಮಿಯಬಿಲಿಟಿ ಎನ್ನುತ್ತಾರೆ.

ಬಾವಿ ಕೊರೆದ ಮೇಲೆ ಕೇಬಲ್ಲಿಗೆ ಉಪಕರಣಗಳನ್ನು ಕಟ್ಟಿ ಒಳಗಿಳಿಸಿ, ಮೇಲಕ್ಕೆಳೆಯುತ್ತ ಅಳತೆ ಮಾಡುತ್ತೇವೆ. ಈ ದಾಖಲೆಯೇ ಲಾಗ್. ಗಾಮಾ ಕಿರಣದಿಂದ ಜೇಡಿಯ ಅಂಶ, ಸಾಂದ್ರತೆಯಿಂದ ರಂಧ್ರಗಳ ಪ್ರಮಾಣ, ವಿದ್ಯುತ್ ರೋಧದಿಂದ ನೀರಿನ ಪಾಲು ತಿಳಿಯುತ್ತದೆ. ಆದರೆ ಇವುಗಳಲ್ಲಿ ಯಾವುದೂ ಪರ್ಮಿಯಬಿಲಿಟಿಯನ್ನು ನೇರವಾಗಿ ಅಳೆಯುವುದಿಲ್ಲ. ಅದನ್ನು ಲೆಕ್ಕ ಹಾಕಿಯೇ ಅಂದಾಜು ಮಾಡಬೇಕು.

1968ರಲ್ಲಿ ಟಿಮೂರ್ ಎಂಬ ವಿಜ್ಞಾನಿ ಉತ್ತರ ಅಮೆರಿಕದ ಮೂರು ಎಣ್ಣೆ ಕ್ಷೇತ್ರಗಳ 155 ಮರಳುಗಲ್ಲಿನ ತುಣುಕುಗಳನ್ನು ಪರೀಕ್ಷಿಸಿ ಒಂದು ಸೂತ್ರ ಕೊಟ್ಟರು. ರಂಧ್ರಪ್ರಮಾಣದ 4.4ನೇ ಘಾತವನ್ನು, ಕಲ್ಲಿಗೆ ಅಂಟಿಕೊಂಡು ಹರಿಯದೆ ಉಳಿಯುವ ನೀರಿನ ಪಾಲಿನ ವರ್ಗದಿಂದ ಭಾಗಿಸಿ, ಒಂದು ಸ್ಥಿರಾಂಕದಿಂದ ಗುಣಿಸಬೇಕು. ಮಕ್ಕಳೇ, ಈ ಘಾತದ ಬಲ ಗಮನಿಸಿ. ರಂಧ್ರಪ್ರಮಾಣ ಶೇಕಡಾ 20 ಇರುವಲ್ಲಿ 22 ಎಂದು ಓದಿದರೆ ಉತ್ತರ ಒಂದೂವರೆ ಪಟ್ಟಾಗುತ್ತದೆ!

ಈ ಅಂದಾಜು ತಪ್ಪಿದರೆ ಏನಾಗುತ್ತದೆ? ಬಾವಿಗೆ ಉಕ್ಕಿನ ಕೊಳವೆ ಇಳಿಸಿ, ಸುತ್ತ ಸಿಮೆಂಟ್ ತುಂಬಿ, ಎಣ್ಣೆ ಬರುವ ಪದರದ ಎದುರಿಗೆ ಮಾತ್ರ ತೂತು ಮಾಡುತ್ತಾರೆ. ಲೆಕ್ಕ ತಪ್ಪಿದರೆ ಒಳ್ಳೆಯ ಪದರ ಸಿಮೆಂಟಿನ ಹಿಂದೆಯೇ ಉಳಿಯುತ್ತದೆ. ಆದ್ದರಿಂದ ಕೆಲವು ಬಾವಿಗಳಿಂದ ಕಲ್ಲಿನ ಕಂಬವನ್ನೇ ಮೇಲೆ ತಂದು, ಪ್ರಯೋಗಾಲಯದಲ್ಲಿ ಅಳೆದು, ಸೂತ್ರವನ್ನು ಆ ಕ್ಷೇತ್ರಕ್ಕೆ ಹೊಂದಿಸಿಕೊಳ್ಳುತ್ತೇವೆ. ಇದು ದುಬಾರಿ ಕೆಲಸ, ಎಲ್ಲ ಬಾವಿಗಳಲ್ಲೂ ಆಗುವುದಿಲ್ಲ. ಮರಳುಗಲ್ಲಿನ ಸೂತ್ರ ಮುಂಬೈ ಹೈನಂಥ ಸುಣ್ಣಕಲ್ಲಿಗೆ ಹಾಗೆಯೇ ಒಪ್ಪುವುದೂ ಇಲ್ಲ. ಅಲ್ಲಿ ಒಂದಕ್ಕೊಂದು ದಾರಿಯಿಲ್ಲದ ಪೊಟರೆಗಳೂ ಇರಬಹುದು, ಬಿರುಕುಗಳೂ ಇರಬಹುದು.

ಆದುದರಿಂದ ಮಕ್ಕಳೇ, ಸೂತ್ರ ಕಲಿಯಿರಿ. ಅದು ಯಾವ ಕಲ್ಲಿನಿಂದ ಬಂತೆಂದು ಕೇಳುವುದನ್ನೂ ಕಲಿಯಿರಿ. ತಳದಲ್ಲಿ ತೂತಿರುವ ಎರಡು ಡಬ್ಬಿಗಳಿಗೆ ಮರಳು, ಎರೆಮಣ್ಣು ತುಂಬಿ, ನೀರು ಸುರಿದು, ಗಡಿಯಾರ ಹಿಡಿದು ನೋಡಿ. ಫ್ರಾನ್ಸಿನ ಹೆನ್ರಿ ಡಾರ್ಸಿ ಮರಳಿನ ಕಂಬದಲ್ಲಿ ನೀರು ಹರಿಸಿ ಕಂಡುಕೊಂಡ ನಿಯಮವನ್ನು 1856ರಲ್ಲಿ ಪ್ರಕಟಿಸಿದರು. ಪರ್ಮಿಯಬಿಲಿಟಿಯ ಅಳತೆಗೆ ಇಂದಿಗೂ ಅವರದೇ ಹೆಸರು.