ಹಾಡಿಗೂ ಕರಡು ತಿದ್ದುವವರು ಬೇಕು

(ಬನಶಂಕರಿಯ ರಾಜ್ಯೋತ್ಸವ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಚ್ಚಿನ ಕೆಲಸಕ್ಕೆ ಇಳಿದವನು. ನನಗೆ ಗೊತ್ತಿರುವುದು ಕರಡು ತಿದ್ದುವುದು. ಅದರ ಬಗ್ಗೆಯೇ ಎರಡು ಮಾತು ಆಡುತ್ತೇನೆ.

ನಮ್ಮ ಬಡಾವಣೆಯಲ್ಲಿ ಹಾಡು ಕಟ್ಟುವ ಹುಡುಗನೊಬ್ಬನಿದ್ದಾನೆ. ಸ್ಟುಡಿಯೋಗೆ ಕೊಡಲು ಅವನ ಬಳಿ ಕಾಸಿಲ್ಲ. ರಾತ್ರಿ ಬಸ್ಸಿನ ಸದ್ದು, ಕುಕ್ಕರಿನ ಸೀಟಿ ಎಲ್ಲ ಅಡಗಿದ ಮೇಲೆ ಕಿಟಕಿಗೆ ರಗ್ಗು ಕಟ್ಟಿ, ಒಂದು ಮೈಕು, ಒಂದು ಕಂಪ್ಯೂಟರ್ ಇಟ್ಟುಕೊಂಡು ತಾನೇ ಹಾಡಿ ತಾನೇ ಧ್ವನಿಮುದ್ರಿಸುತ್ತಾನೆ. 1978ರಲ್ಲಿ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದ ಕಾಲದಲ್ಲಿ ಇದು ಕನಸಿನ ಮಾತು. ಇಂದು ಬಡವನ ಮನೆಯ ಕೋಣೆಯೇ ಸ್ಟುಡಿಯೋ.

ಕೆರೆ ಬತ್ತಿ ಊರು ಬಿಟ್ಟ ಹಕ್ಕಿಯ ಮೇಲೆ ಅವನೊಂದು ಹಾಡು ಮಾಡಿ ಹತ್ತಾರು ಜನಕ್ಕೆ ಕಳಿಸಿದ. ಬಂದ ಅಭಿಪ್ರಾಯಗಳನ್ನೆಲ್ಲ ಹಿಡಿದುಕೊಂಡು ನನ್ನ ಪ್ರೆಸ್ಸಿಗೆ ಬಂದು, “ಅಣ್ಣಾ, ಇನ್ನು ಕನ್ನಡದಲ್ಲಿ ಹಾಡೋದಿಲ್ಲ” ಅಂದುಬಿಟ್ಟ. ನನ್ನ ಎದೆ ಧಸಕ್ಕೆಂದಿತು. ಕೂರಿಸಿ ಕಾಫಿ ಕೊಟ್ಟು ಒಂದೊಂದನ್ನೇ ಓದಿಸಿದೆ.

ಮೊದಲನೆಯ ದೂರು: “ಹಕ್ಕಿ ಹಾರಿತು ಎಂಬುದು ಅಕ್ಕಿ ಆರಿತು ಎಂದು ಕೇಳಿಸುತ್ತದೆ.” ಹುಡುಗ ರೇಗಿದ, “ಆಡುಮಾತಲ್ಲವಾ ಅಣ್ಣಾ?” ನಾನಂದೆ, “ತಮ್ಮಾ, ಜಿ.ಪಿ. ರಾಜರತ್ನಂ ‘ರತ್ನನ ಪದಗಳು’ ಬರೆದಾಗ ಆಡುಮಾತನ್ನು ಬೇಕೆಂದೇ ತಂದರು, ಕೊನೆಯವರೆಗೂ ಅದನ್ನೇ ನಡೆಸಿದರು. ನೀನು ಒಂದು ಸಾಲಿನಲ್ಲಿ ಹೂವು ಅಂತೀ, ಮುಂದಿನ ಸಾಲಿನಲ್ಲಿ ಅಕ್ಕಿ ಅಂತೀ. ಇದು ಆಡುಮಾತಲ್ಲ, ಅಜಾಗ್ರತೆ. ತಿದ್ದಿಕೋ.”

ಎರಡನೆಯದು: “ಹಾಡು ಉದ್ದವಾಯಿತು.” ಈ ದೂರು ನಮ್ಮ ನಾಡಗೀತೆಗೇ ಬಂದಿತ್ತಲ್ಲ! 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಗೊತ್ತುಮಾಡಿ, ಆಲಾಪ, ಪುನರಾವರ್ತನೆ ಇಲ್ಲದೆ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದಿತು. ಕತ್ತರಿ ಬಿದ್ದದ್ದು ಎಳೆದಾಟಕ್ಕೆ, ಕುವೆಂಪು ಅವರ ಸಾಹಿತ್ಯಕ್ಕಲ್ಲ. “ನೀನೂ ಹಾಗೇ ಮಾಡು” ಅಂದೆ.

ಮೂರನೆಯದು: “ನಡುವೆ ನಾಲ್ಕು ಸಾಲು ಹಿಂದಿ, ಇಂಗ್ಲಿಷ್ ಹಾಕು, ಬೆಂಗಳೂರಲ್ಲಿ ಎಲ್ಲರೂ ಕೇಳುತ್ತಾರೆ.” ಬಂಧುಗಳೇ, ಅವನ ಮನಸ್ಸು ಮುರಿದದ್ದು ಇಲ್ಲಿ. ಕರಡು ತಿದ್ದುವವನು ಅಕ್ಷರ ತಿದ್ದಬೇಕೇ ಹೊರತು ಬರೆದವನ ನಾಲಗೆಯನ್ನೇ ಬದಲಿಸಬಾರದು. “ಇದಕ್ಕೆ ಕೈಮುಗಿದು ಇಲ್ಲ ಅನ್ನು” ಎಂದೆ.

ನನ್ನ ಕಥೆಯನ್ನೂ ಹೇಳಿದೆ. ಒಮ್ಮೆ ರಾಜ್ಯೋತ್ಸವಕ್ಕೇ 500 ಕರಪತ್ರ ಅಚ್ಚು ಹಾಕಿದ್ದೆ, ದಪ್ಪಕ್ಷರದಲ್ಲಿ ‘ಶುಭಾಷಯ’ ಅಂತ! ನಿವೃತ್ತ ಮೇಷ್ಟ್ರೊಬ್ಬರು ಜೆ.ಪಿ. ನಗರದಿಂದ ಬಸ್ಸು ಹತ್ತಿ ಬಂದು, “ಅದು ಶುಭಾಶಯ ಕಣಪ್ಪಾ” ಅಂದರು. ಕೋಪ ನೆತ್ತಿಗೇರಿತು. ಅವರು ಹೋದ ಮೇಲೆ ನಾಚಿಕೆಯಾಯಿತು. ಕೈಯಿಂದ ಹಣ ಹಾಕಿ ಮತ್ತೆ ಅಚ್ಚು ಮಾಡಿದೆ. ನನ್ನ ಕನ್ನಡ ತಪ್ಪಾಗಬಾರದೆಂದು ಬಸ್ಸು ಹತ್ತಿ ಬಂದವರು ನನ್ನ ಶತ್ರುವೇ?

ಹುಡುಗ ಅಂದೇ ಎಲ್ಲರಿಗೂ ಉತ್ತರ ಬರೆದ. ತಪ್ಪು ತೋರಿಸಿದವರಿಗೆ ವಂದನೆ ಹೇಳಿದ. ಭಾಷೆ ಬೆರೆಸೆಂದವರಿಗೆ ವಿನಯದಿಂದಲೇ ಒಲ್ಲೆನೆಂದ. ವಾರದಲ್ಲಿ ಮತ್ತೆ ಹಾಡಿದ. ಈಗ ಹಕ್ಕಿ ಹಾರುತ್ತದೆ!

ಕೊನೆಗೆ ನಮಗೂ ಒಂದು ಮಾತು. ಕನ್ನಡಕ್ಕಾಗಿ ಬೀದಿಗಿಳಿಯುತ್ತೇವೆ, ಘೋಷಣೆ ಕೂಗುತ್ತೇವೆ, ಕೂಗಲೇಬೇಕು. ಆದರೆ ಪಕ್ಕದ ಮನೆಯ ಹುಡುಗ ಕನ್ನಡದಲ್ಲಿ ಹಾಡಿದರೆ ಪೂರ್ತಿ ಕೇಳುತ್ತೇವೆಯೇ? “ನಿನಗ್ಯಾಕೆ ಹಾಡು” ಅನ್ನಬೇಡಿ. “ಈ ಅಕ್ಷರ ಹೀಗಿರಲಿ, ಮತ್ತೆ ಹಾಡು” ಅನ್ನಿ. ತಿದ್ದಿದ ಕರಡು ಅಚ್ಚಿಗೆ ಹೋಗುತ್ತದೆ. ಹರಿದೆಸೆದ ಕರಡು ಕಸದ ಬುಟ್ಟಿಗೆ ಹೋಗುತ್ತದೆ. ಕನ್ನಡದ ಒಂದು ಹಾಡೂ ಬುಟ್ಟಿಗೆ ಹೋಗದಂತೆ ನೋಡಿಕೊಳ್ಳೋಣ.

ಸಿರಿಗನ್ನಡಂ ಗೆಲ್ಗೆ!