ಹಮಾಲರು ಹೊತ್ತ ಕಲ್ಲು, ಬೆಂಕಿ ಬರಿದು ಮಾಡಿದ ಚರ್ಚು

ಈ ಬಾಗಿಲನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮರದ ಹಲಗೆಯ ಮೇಲೆ ಕಂಚಿನ ಪುಟ್ಟ ಮನುಷ್ಯನೊಬ್ಬ ಇದ್ದಾನೆ. ಬೆನ್ನ ಮೇಲೆ ಹೊರೆ, ಬಾಗಿದ ನಡು. ಸಂತರೋ ದೇವದೂತರೋ ನಿಲ್ಲಬೇಕಾದ ಹೆಬ್ಬಾಗಿಲಲ್ಲಿ ಹಮಾಲನಿಗೇನು ಕೆಲಸ?

ಇದು ಸ್ಪೇನಿನ ಬಾರ್ಸಿಲೋನಾ. ಊರಿನ ಹಳೆಯ ಬಂದರು ಕೇರಿಯಾದ ರಿಬೇರಾದಲ್ಲಿದ್ದೇವೆ. ಎದುರಿಗಿರುವುದು ಸಾಂತಾ ಮರಿಯಾ ದೆಲ್ ಮಾರ್, ಅಂದರೆ ಕಡಲ ಮಾತೆ ಮರಿಯಾ. ಇವತ್ತು ಕಡಲು ಒಂದಿಷ್ಟು ದೂರ ಸರಿದಿದೆ. ಆಗ ಮರಳ ದಂಡೆ ಇಲ್ಲೇ ಪಕ್ಕದಲ್ಲಿತ್ತು. ಮೊದಲು ಇಲ್ಲಿದ್ದ ಚಿಕ್ಕ ಚರ್ಚನ್ನು ಜನ ‘ಮರಳ ಮರಿಯಾ’ ಎಂದೇ ಕರೆಯುತ್ತಿದ್ದರು.

1329ರ ಮಾರ್ಚ್ 25ರಂದು ಹೊಸ ಕಟ್ಟಡಕ್ಕೆ ಮೊದಲ ಕಲ್ಲು ಬಿತ್ತು. ಕೆಲಸ ವಹಿಸಿಕೊಂಡ ಶಿಲ್ಪಿಗಳು ಬೆರೆಂಗೆರ್ ದೆ ಮೊಂತಾಗುತ್ ಮತ್ತು ರಮೋನ್ ದೆಸ್ಪುಯಿಗ್. ಊರಿನ ಮೇಲ್ಭಾಗದಲ್ಲಿ ಆಗಲೇ ಕ್ಯಾಥೆಡ್ರಲ್ ಏಳುತ್ತಿತ್ತು. ಅದರ ಬೆನ್ನಿಗೆ ರಾಜರು, ಶ್ರೀಮಂತರು, ದೊಡ್ಡ ಪಾದ್ರಿಗಳು ಇದ್ದರು. ಇದು ಮಾತ್ರ ಈ ಕೇರಿಯ ಧರ್ಮಕೇಂದ್ರದವರದೇ: ಹಡಗಿನವರು, ವ್ಯಾಪಾರಿಗಳು, ಕಸುಬಿನವರು. ದುಡ್ಡಿದ್ದವರು ದುಡ್ಡು ಕೊಟ್ಟರು, ಇಲ್ಲದವರು ಮೈ ಮುರಿದು ದುಡಿದರು. ಬಂದರಿನ ಹಮಾಲರನ್ನು ಇಲ್ಲಿಯ ಕತಲಾನ್ ಭಾಷೆಯಲ್ಲಿ ‘ಬಸ್ತಾಯಿಶ್’ ಅನ್ನುತ್ತಾರೆ. ಮೊಂಜುಯಿಕ್ ಗುಡ್ಡದ ಗಣಿಯ ಕಲ್ಲುಗಳು ಅವರ ಬೆನ್ನೇರಿ ಇಲ್ಲಿಗೆ ಬಂದವು. ಬಾಗಿಲ ಮೇಲಿನ ಆ ಕಂಚಿನ ಮನುಷ್ಯ ಅವರಲ್ಲೊಬ್ಬ.

ಕೆಲಸ ನಡೆದಿರುವಾಗಲೇ, 1348ರಲ್ಲಿ, ಊರಿಗೆ ಪ್ಲೇಗು ಬಡಿಯಿತು. 1379ರಲ್ಲಿ ಬೆಂಕಿ ಬಿದ್ದು ಕಟ್ಟಿದ್ದರಲ್ಲಿ ಒಂದಷ್ಟು ಕೆಟ್ಟಿತು. ಆದರೂ 1383ರ ನವೆಂಬರಿನಲ್ಲಿ ಕೊನೆಯ ಕಲ್ಲು ಕೂತಿತು. ಬರೀ 54 ವರ್ಷ! 1298ರಲ್ಲಿ ಶುರುವಾದ ಆ ಕ್ಯಾಥೆಡ್ರಲ್ಲಿನ ಮುಂಭಾಗ ಮುಗಿಯುವಾಗ 19ನೇ ಶತಮಾನವೇ ಮುಗಿಯುತ್ತ ಬಂದಿತ್ತು. ಬೇಗ ಮುಗಿದದ್ದರಿಂದ ಇಲ್ಲಿ ತಲೆಮಾರಿಗೊಂದು ಶೈಲಿ ಬೆರೆಯಲಿಲ್ಲ. ಇಡೀ ಕಟ್ಟಡ ಒಂದೇ ಕೈಯ ಬರಹದಂತೆ ಕಾಣುತ್ತದೆ.

ಒಳಗೆ ಹೋಗೋಣ. ಹೊರಗಿನ ಗೋಡೆ ಕೋಟೆಯಷ್ಟು ಒರಟು. ಹೊಸ್ತಿಲು ದಾಟಿದರೆ ಬಯಲಿಗೆ ಬಂದಂತಾಗುತ್ತದೆ. ಎಂಟು ಮೂಲೆಯ ಸಪೂರ ಕಂಬಗಳ ಮೇಲೆ ಒಂದು ಚೂರು ಕೆತ್ತನೆಯಿಲ್ಲ. ಕಂಬದಿಂದ ಕಂಬಕ್ಕೆ ಸುಮಾರು 13 ಮೀಟರು. ಮಧ್ಯಯುಗದ ಕಲ್ಲಿನ ಕಟ್ಟಡದಲ್ಲಿ ಇಷ್ಟು ಅಂತರ ಎಂದರೆ ಎದೆಗಾರಿಕೆ ಬೇಕು. ಕಲ್ಲಿನ ಕಮಾನು ಸುಮ್ಮನೆ ಕೂರುವುದಿಲ್ಲ, ಸದಾ ಪಕ್ಕಕ್ಕೆ ತಳ್ಳುತ್ತಲೇ ಇರುತ್ತದೆ. ಫ್ರಾನ್ಸಿನ ಗಾಥಿಕ್ ಚರ್ಚುಗಳಲ್ಲಿ ನಡುವಿನ ಭಾಗ ತುಂಬ ಎತ್ತರ, ಅಕ್ಕಪಕ್ಕದ ಸಾಲುಗಳು ಕುಳ್ಳು. ಆ ಎತ್ತರದ ತಳ್ಳಾಟ ತಡೆಯಲು ಹೊರಗಿನಿಂದ ಹಾರುಕಮಾನುಗಳು ಬೇಕಾಗುತ್ತವೆ. ಇಲ್ಲಿಯ ಶಿಲ್ಪಿಗಳು ಮೂರು ಸಾಲುಗಳನ್ನೂ ಹತ್ತಿರ ಹತ್ತಿರ ಒಂದೇ ಎತ್ತರಕ್ಕೆ ಎಬ್ಬಿಸಿದರು. ನಡುವಿನ ಚಾವಣಿ ತಳ್ಳಿದರೆ ಪಕ್ಕದ ಚಾವಣಿ ಹೆಗಲು ಕೊಡುತ್ತದೆ, ಅದು ತಳ್ಳಿದರೆ ಗೋಡೆಯ ದಪ್ಪ ಆನಿಕೆಗಳು ತಡೆಯುತ್ತವೆ. ಆ ಆನಿಕೆಗಳ ನಡುವಿನ ಜಾಗವನ್ನೂ ದಂಡ ಮಾಡಲಿಲ್ಲ, ಪುಟ್ಟ ಪ್ರಾರ್ಥನಾ ಕೋಣೆಗಳಾಗಿ ಬಳಸಿಕೊಂಡರು. ವ್ಯಾಪಾರಿಗಳ ಕೇರಿಯಲ್ಲವೇ, ಲೆಕ್ಕ ಪಕ್ಕಾ.

1428ರ ಫೆಬ್ರವರಿ 2, ಮೇಣದಬತ್ತಿಯ ಹಬ್ಬ. ಅಂದು ಭೂಮಿ ನಡುಗಿತು. ಮುಂಭಾಗದ ದೊಡ್ಡ ದುಂಡು ಕಿಟಕಿ ಕುಸಿದು ಜನ ಸತ್ತರು. ಈಗ ಕಾಣುವ, ಜ್ವಾಲೆಯಂತೆ ಬಳುಕುವ ಕಲ್ಲಿನ ಎಸಳುಗಳ ಕಿಟಕಿ 1459ರ ಹೊತ್ತಿಗೆ ಮುಗಿದದ್ದು. ಬಳುಕು ಏನೆಂದೇ ಅರಿಯದ ಈ ಕಟ್ಟಡದ ಹಣೆಯ ಮೇಲೆ ಆ ಒಂದು ಕಿಟಕಿ ಬೇರೆ ಕಾಲದ ಮಾತಾಡುತ್ತದೆ.

18ನೇ ಶತಮಾನದಲ್ಲಿ ಒಳಗೆ ಭಾರೀ ಬರೋಕ್ ಬಲಿಪೀಠ ಬಂತು. ಆಮೇಲೆ 1936ರ ಜುಲೈ. ಅಂತರ್ಯುದ್ಧ ಹೊತ್ತಿಕೊಂಡ ದಿನಗಳಲ್ಲಿ ಚರ್ಚಿನ ಮೇಲಿನ ಸಿಟ್ಟು ಊರೂರಲ್ಲಿ ಬೆಂಕಿಯಾಯಿತು. ಈ ಚರ್ಚು 11 ದಿನ ಉರಿಯಿತು. ಬಲಿಪೀಠ, ಆರ್ಗನ್ ವಾದ್ಯ, ಪ್ರತಿಮೆಗಳು ಎಲ್ಲ ಬೂದಿ. ಹಮಾಲರು ಹೊತ್ತು ತಂದ ಕಲ್ಲು ಮಾತ್ರ ನಿಂತಿತು.

ಯುದ್ಧ ಮುಗಿದ ಮೇಲೆ ಏನನ್ನು ಮತ್ತೆ ಕಟ್ಟಬೇಕು ಎಂಬ ಪ್ರಶ್ನೆ. ಕಲ್ಲು, ಗಾಜು ದುರಸ್ತಿಯಾದವು. ಬರೋಕ್ ಬಲಿಪೀಠ ಮಾತ್ರ ಮರಳಿ ಬರಲಿಲ್ಲ. ಅದು ಹೋದ ಮೇಲೆ ಹಿಂದಿನ ಅರೆವೃತ್ತದ ಕಂಬಸಾಲು ಕಣ್ಣಿಗೆ ಬಿತ್ತು. ಜನ ಈಗ ಇದನ್ನು ಕತಲಾನ್ ಗಾಥಿಕ್ಕಿನ ಅಪ್ಪಟ ರೂಪ ಎಂದು ಹೊಗಳುತ್ತಾರೆ. ಆ ಮಾತಿಗೆ ನನ್ನ ತಕರಾರಿದೆ. 1384ರಲ್ಲಿ ಇಲ್ಲಿ ಬಲಿಪೂಜೆಗೆ ಬಂದವರಿಗೆ ಈ ಬರಿದು ಗೊತ್ತೇ ಇರಲಿಲ್ಲ. ಅವರ ಕಾಲದ ಚರ್ಚುಗಳಲ್ಲಿ ಬಣ್ಣವಿತ್ತು, ಚಿತ್ರಫಲಕಗಳಿದ್ದವು, ಮೇಣದ ಹೊಗೆಯಿತ್ತು. ನಾವು ಮೆಚ್ಚುತ್ತಿರುವ ಮೌನದಲ್ಲಿ ಅರ್ಧ ಪಾಲು ಆ ಇಬ್ಬರು ಶಿಲ್ಪಿಗಳದು, ಉಳಿದರ್ಧ ಬೆಂಕಿಯದು. ಹಾಗಂತ ಬಲಿಪೀಠವನ್ನು ಮತ್ತೆ ಕಟ್ಟದೆ ಬಿಟ್ಟದ್ದು ತಪ್ಪು ಅಂತಲೂ ಅನ್ನಿಸುವುದಿಲ್ಲ. ನಕಲು ಬಲಿಪೀಠ ಮಾಡಿ ನಿಲ್ಲಿಸಿದ್ದರೆ ಯಾರಿಗೆ ಏನು ಸಿಗುತ್ತಿತ್ತು?

ರಿಪೇರಿಗೆ ಕೇರಿಯವರಷ್ಟೇ ಅಲ್ಲ, ಬಾರ್ಸಾ ಫುಟ್ಬಾಲ್ ಕ್ಲಬ್ಬೂ ದುಡ್ಡು ಕೊಟ್ಟಿತು. ತಲೆಯೆತ್ತಿ ಹುಡುಕಿ, ಬಣ್ಣದ ಗಾಜೊಂದರಲ್ಲಿ ಅದರ ಪುಟ್ಟ ಲಾಂಛನ ಸಿಗುತ್ತದೆ. ಚಾವಣಿಯ ಪಟ್ಟಿಗಳು ಕೂಡುವ ನಡುಗಲ್ಲುಗಳನ್ನೂ ನೋಡಿ: ಒಂದರಲ್ಲಿ ಕುದುರೆಯೇರಿದ ರಾಜ ಅಲ್ಫೋನ್ಸೊ, ಇನ್ನೊಂದರಲ್ಲಿ ಊರಿನ ಲಾಂಛನ. ರಾಜ ತಲೆಯ ಮೇಲೆ ಎಲ್ಲೋ ದೂರದಲ್ಲಿ. ಹಮಾಲ ಬಾಗಿಲಲ್ಲಿ, ಕೈಗೆ ಸಿಗುವ ಹಾಗೆ.

ಈಗ ಬಲಿಪೀಠದ ಬಳಿ ಮಗುವನ್ನೆತ್ತಿಕೊಂಡ ಮರಿಯಾ ನಿಂತಿದ್ದಾಳೆ. ಅವಳ ಕಾಲ ಬುಡದಲ್ಲಿ ಮರದ ಒಂದು ಪುಟ್ಟ ಹಡಗು.